ಒಂದೇ ಕಾಲು ಊದಿದೆಯೇ? ಎಣ್ಣೆ ತಿಕ್ಕುವ ಮೊದಲು ಅಳೆದು ನೋಡಿ

ಕಾಲು ನೋವೆಂದರೆ ನಮ್ಮ ಮನೆಗಳಲ್ಲಿ ಎಣ್ಣೆ ಬಿಸಿ ಮಾಡಿ ನೀವುವುದು ರೂಢಿ. ದುಡಿದು ದಣಿದ ಕಾಲಿಗೆ ಅದು ಹಿತವೇ. ಆದರೆ ಒಂದು ಕಾಲು ಮಾತ್ರ ಊದಿಕೊಂಡು, ಮೀನಖಂಡ ಬಿಗಿದು ನೋಯುತ್ತಿದ್ದರೆ ದಯವಿಟ್ಟು ತಿಕ್ಕಬೇಡಿ. ಆಳದ ಅಭಿಧಮನಿಯಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳದಲ್ಲಿ, ರಕ್ತ ಹೆಪ್ಪುಗಟ್ಟಿರಬಹುದು. ಆ ಹೆಪ್ಪಿನ ತುಣುಕು ಕಳಚಿಕೊಂಡರೆ ಹೃದಯದ ಮೂಲಕ ಸಾಗಿ ಶ್ವಾಸಕೋಶದಲ್ಲಿ ಸಿಲುಕುತ್ತದೆ. ಆಳದ ನಾಳದಲ್ಲಿ ಹೆಪ್ಪುಗಟ್ಟುವ ಈ ಕಾಯಿಲೆಗೇ ವೈದ್ಯರು ‘ಡಿವಿಟಿ’ (ಡೀಪ್ ವೇನ್ ಥ್ರಾಂಬೋಸಿಸ್) ಎನ್ನುವುದು.

ಮೊದಲು ಎರಡೂ ಕಾಲುಗಳನ್ನು ಹೋಲಿಸಿ. ಮೊಣಕಾಲ ಚಿಪ್ಪಿನ ಕೆಳಗೆ ಕೈಗೆ ಸಿಗುವ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಗುರುತು ಹಾಕಿ, ಬಟ್ಟೆ ಅಳೆಯುವ ಟೇಪಿನಿಂದ ಸುತ್ತಳತೆ ನೋಡಿ. ವ್ಯತ್ಯಾಸ 3 ಸೆಂ.ಮೀ. ಮೀರಿದ್ದರೆ ಅನುಮಾನ ಬಲವಾಗುತ್ತದೆ. ಕಡಿಮೆಯಿದ್ದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಕಪ್ಪು ಮೈಬಣ್ಣದವರಲ್ಲಿ ಚರ್ಮ ಕೆಂಪಾದದ್ದು ಕಾಣದಿರಬಹುದಾದ್ದರಿಂದ, ಆ ಕಾಲು ಹೆಚ್ಚು ಬಿಸಿಯಿದೆಯೇ ಎಂದು ಮುಟ್ಟಿ ನೋಡಬೇಕು.

ಬಳಿಕ ಹಿಂದಿನ ವಾರಗಳನ್ನು ನೆನಪಿಸಿಕೊಳ್ಳಿ. ಶಸ್ತ್ರಚಿಕಿತ್ಸೆ, ಕಾಲಿಗೆ ಹಾಕಿದ ಪ್ಲಾಸ್ಟರ್, ಹಾಸಿಗೆ ಹಿಡಿದ ದಿನಗಳು, 4 ಗಂಟೆ ಮೀರಿದ ಪ್ರಯಾಣ, ಕ್ಯಾನ್ಸರ್, ಗರ್ಭ, ಈಸ್ಟ್ರೋಜನ್ ಹಾರ್ಮೋನ್ ಇರುವ ಗರ್ಭನಿರೋಧಕ ಮಾತ್ರೆ, ಇವೆಲ್ಲ ಅಪಾಯವನ್ನು ಹೆಚ್ಚಿಸುತ್ತವೆ. ಹಬ್ಬ, ಮದುವೆ, ದೇವಸ್ಥಾನದ ಭೇಟಿಗಾಗಿ ಮುಟ್ಟನ್ನು ಮುಂದೂಡಲು ನುಂಗುವ ನಾರೆಥಿಸ್ಟಿರೋನ್ ಮಾತ್ರೆಯ ಸ್ವಲ್ಪ ಪಾಲೂ ದೇಹದಲ್ಲಿ ಈಸ್ಟ್ರೋಜನ್ ಆಗಿ ಮಾರ್ಪಡುತ್ತದೆ. ಸಂಕೋಚದಿಂದ ಇದನ್ನು ಮುಚ್ಚಿಡದೆ ವೈದ್ಯರಿಗೆ ಹೇಳಲೇಬೇಕು.

ಅನುಮಾನ ಬಂದ ದಿನವೇ ಆಸ್ಪತ್ರೆಗೆ ಹೋಗಿ. ಏಕಾಏಕಿ ಉಸಿರಾಟ ಕಷ್ಟವಾದರೆ, ಉಸಿರೆಳೆದಾಗ ಎದೆ ಚುಚ್ಚಿದರೆ, ಕೆಮ್ಮಿದಾಗ ರಕ್ತ ಬಂದರೆ ಅಥವಾ ತಲೆಸುತ್ತಿ ಬಿದ್ದರೆ ತಡಮಾಡದೆ 108ಕ್ಕೆ ಕರೆ ಮಾಡಿ. ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಮಾಡುವವರು ರಕ್ತನಾಳವನ್ನು ಮೃದುವಾಗಿ ಒತ್ತಿ ನೋಡುತ್ತಾರೆ; ಸಹಜ ಅಭಿಧಮನಿ ಒತ್ತಿದರೆ ಮುಚ್ಚಿಕೊಳ್ಳುತ್ತದೆ, ಹೆಪ್ಪು ತುಂಬಿದ್ದು ಮುಚ್ಚಿಕೊಳ್ಳುವುದಿಲ್ಲ.

ಈ ಕಾಯಿಲೆಗೆ ಕೊಡುವ ಔಷಧಗಳು ಹೆಪ್ಪನ್ನು ಕರಗಿಸುತ್ತವೆ ಎಂಬ ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಹೆಪಾರಿನ್ ಚುಚ್ಚುಮದ್ದಾಗಲಿ, ವಾರ್ಫರಿನ್, ರಿವರಾಕ್ಸಬಾನ್, ಅಪಿಕ್ಸಬಾನ್ ಮಾತ್ರೆಗಳಾಗಲಿ ಹೆಪ್ಪನ್ನು ಕರಗಿಸುವುದಿಲ್ಲ. ಅದು ಬೆಳೆಯದಂತೆ ತಡೆಯುತ್ತವೆ, ಕರಗಿಸುವ ಕೆಲಸವನ್ನು ದೇಹವೇ ನಿಧಾನವಾಗಿ ಮಾಡುತ್ತದೆ. ಆದ್ದರಿಂದಲೇ ಊತ ಇಳಿದ ಮೇಲೂ ಸಾಮಾನ್ಯವಾಗಿ ಕನಿಷ್ಠ 3 ತಿಂಗಳು ಔಷಧ ಬೇಕು. ವಾರ್ಫರಿನ್ ತೆಗೆದುಕೊಳ್ಳುವವರು ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತಿಳಿಸುವ ಐಎನ್‌ಆರ್ ರಕ್ತಪರೀಕ್ಷೆಯ ಫಲಿತಾಂಶ 2ರಿಂದ 3ರ ನಡುವೆ ಇರುವಂತೆ ನೋಡಿಕೊಳ್ಳಬೇಕಾಗುತ್ತದೆ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್‌ನ ಪರಿಣಾಮವನ್ನು ಕುಗ್ಗಿಸುತ್ತದೆ. ಹಾಗೆಂದು ಅವರು ಸೊಪ್ಪು ಬಿಡಬೇಕಾಗಿಲ್ಲ, ಆದರೆ ಒಂದು ವಾರ ದಿನವೂ ಬಸ್ಸಾರು, ಮರುವಾರ ಸೊಪ್ಪೇ ಇಲ್ಲ ಎಂಬಂತಾಗದೆ ಪ್ರಮಾಣ ಒಂದೇ ಸಮ ಇರಬೇಕು. ವೈದ್ಯರನ್ನು ಕೇಳದೆ ನೋವಿನ ಮಾತ್ರೆ ನುಂಗಿದರೆ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.

ತಡೆಯುವ ಉಪಾಯದ ಮೂಲ ಮೀನಖಂಡದಲ್ಲೇ ಇದೆ. ಹೆಜ್ಜೆಯಿಡುವಾಗ ಆ ಸ್ನಾಯು ಹಿಂಡಿಕೊಂಡು ರಕ್ತವನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ಬಸ್ಸಿನಲ್ಲಾಗಲಿ ವಿಮಾನದಲ್ಲಾಗಲಿ ಕುಳಿತಲ್ಲೇ ಪಾದವನ್ನು ಮೇಲೆ ಕೆಳಗೆ ಆಡಿಸಿ, ಅವಕಾಶ ಸಿಕ್ಕಾಗ ಎದ್ದು ಓಡಾಡಿ. ಶಸ್ತ್ರಚಿಕಿತ್ಸೆಗೆ ದಾಖಲಾಗುವಾಗ, ಹೆಪ್ಪು ತಡೆಯಲು ಏನು ಮಾಡುತ್ತೀರಿ ಎಂದು ವೈದ್ಯರನ್ನು ಕೇಳಿ.

ನನಗೆ ಹೆಚ್ಚು ಚಿಂತೆ ಬಾಣಂತಿಯರದ್ದು. ಹೆರಿಗೆಯ ನಂತರದ ಮೊದಲ 6 ವಾರಗಳಲ್ಲಿ ಈ ಅಪಾಯ ಗರ್ಭಿಣಿಯಾಗಿದ್ದಾಗಿನದಕ್ಕಿಂತಲೂ ಹೆಚ್ಚು, ಸಿಸೇರಿಯನ್ ಆಗಿದ್ದರೆ ಇನ್ನೂ ಹೆಚ್ಚು. ಕೆಲವು ಮನೆಗಳಲ್ಲಿ ಮಂಚ ಇಳಿಯಬೇಡ, ನೀರು ಕಡಿಮೆ ಕುಡಿ ಎನ್ನುವುದೂ ಸರಿಯಾಗಿ ಅದೇ ದಿನಗಳಲ್ಲಿ. ಬಿಸಿನೀರಿನ ಸ್ನಾನ, ಬೆಚ್ಚನೆಯ ಕೋಣೆ, ಮನೆಮಂದಿಯ ಆರೈಕೆ ಎಲ್ಲವೂ ಇರಲಿ. ಜೊತೆಗೆ ಬಾಯಾರಿದಾಗಲೆಲ್ಲ ನೀರು ಕೊಡಿ, ವೈದ್ಯರು ಒಪ್ಪಿದ ದಿನದಿಂದಲೇ ಕೈಹಿಡಿದು ಮನೆಯೊಳಗೆ ನಡೆಸಿ. ಎಣ್ಣೆನೀರು ಹಾಕುವವರಿಗೆ, ಒಂದು ಕಾಲು ದಪ್ಪಗಾಗಿ ಕಂಡರೆ ಅದನ್ನು ನೀವದೆ ಕೂಡಲೇ ತಿಳಿಸುವಂತೆ ಮೊದಲೇ ಹೇಳಿಡಿ.