ನಿಮ್ಮ ಎಂಪಿ ಕೈಗೆ ಒಂದು ಒಳ್ಳೆಯ ಪ್ರಶ್ನೆ ಕೊಡುವುದು ಹೇಗೆ

ಚುನಾವಣೆ ಮುಗಿದು ಆರು ತಿಂಗಳಾದ ಮೇಲೆ ನಮ್ಮ ಆಳಂದದ ಕಡೆ ಕಟ್ಟೆ ಮೇಲೆ ಒಂದು ಮಾತು ಬಂದೇ ಬರುತ್ತದೆ. "ದಿಲ್ಲಿಗೆ ಹೋಗಿ ಏನ್ ಮಾಡ್ತಾರಪಾ ಅವ್ರು?" ಕೇಳುವವರು ಜಾಸ್ತಿ, ಹೋಗಿ ಹುಡುಕಿ ನೋಡುವವರು ಕಡಿಮೆ. ಆದರೆ ಇದಕ್ಕೆ ಉತ್ತರ ಹುಡುಕುವುದು ಕಷ್ಟವಲ್ಲ, ಫೋನ್ ಇದ್ದರೆ ಹತ್ತು ನಿಮಿಷದ ಕೆಲಸ. ಅದಕ್ಕಿಂತ ದೊಡ್ಡ ಕೆಲಸ ಇನ್ನೊಂದಿದೆ. ನಮ್ಮ ಊರಿನ ಪ್ರಶ್ನೆಯನ್ನು ಅವರ ಬಾಯಿಂದ ಸಂಸತ್ತಿನಲ್ಲಿ ಕೇಳಿಸುವುದು. ಅದೂ ಆಗುತ್ತದೆ. ಹೇಗೆ ಅಂತ ಹೇಳುತ್ತೇನೆ.

ಮೊದಲು ನಿಮ್ಮ ಎಂಪಿ ಯಾರು ಅಂತ ಸರಿಯಾಗಿ ತಿಳಿದುಕೊಳ್ಳಿ. ಇದೇನು ಹೇಳುವ ಮಾತಾ ಅನ್ನಬೇಡಿ, ನಮ್ಮ ಭಾಗದಲ್ಲಿ ಇಲ್ಲೇ ತಪ್ಪಾಗುವುದು. ಆಳಂದ, ಚಿಂಚೋಳಿ ಎರಡೂ ಕಲಬುರಗಿ ಜಿಲ್ಲೆಯವು, ಆದರೆ ಲೋಕಸಭೆಗೆ ಬೀದರ್ ಕ್ಷೇತ್ರಕ್ಕೆ ಸೇರುತ್ತವೆ. ಯಾದಗಿರಿ ಜಿಲ್ಲೆಗೆ ಸ್ವಂತ ಲೋಕಸಭಾ ಕ್ಷೇತ್ರವೇ ಇಲ್ಲ. ಗುರುಮಠಕಲ್ ಕಲಬುರಗಿ ಕ್ಷೇತ್ರಕ್ಕೆ, ಯಾದಗಿರಿ, ಶಹಾಪುರ, ಸುರಪುರ ಮೂರೂ ರಾಯಚೂರು ಕ್ಷೇತ್ರಕ್ಕೆ. ಒಮ್ಮೆ ನಮ್ಮ ಓಣಿಯ ನಾಲ್ಕು ಮಂದಿ ಸೇರಿ ಕಲಬುರಗಿಗೆ ಹೋಗಿ ಮನವಿ ಕೊಟ್ಟು, ಫೋಟೋ ತೆಗೆಸಿಕೊಂಡು ಬಂದೆವು. ನಮ್ಮ ಎಂಪಿ ಬೀದರಿನವರು ಅನ್ನುವುದು ವಾಪಸ್ ಬರುವಾಗ ಬಸ್ಸಿನಲ್ಲಿ ಯಾರೋ ಹೇಳಿದ ಮೇಲೆ ತಲೆಗೆ ಹೊಳೆಯಿತು. ಒಂದು ದಿನದ ಕೂಲಿ ಹೋಯಿತು.

2024ರಲ್ಲಿ ಈ ಮೂರು ಕ್ಷೇತ್ರಗಳಿಂದ ಗೆದ್ದವರು ಕಲಬುರಗಿಯಲ್ಲಿ ರಾಧಾಕೃಷ್ಣ ದೊಡ್ಡಮನಿ, ಬೀದರಿನಲ್ಲಿ ಸಾಗರ್ ಖಂಡ್ರೆ, ರಾಯಚೂರಿನಲ್ಲಿ ಜಿ. ಕುಮಾರ ನಾಯಕ. ಮೂವರೂ ಲೋಕಸಭೆಗೆ ಹೊಸಬರು, ಮೂವರೂ ವಿರೋಧ ಪಕ್ಷದವರು. ಮಂತ್ರಿಯಲ್ಲದ, ಸರ್ಕಾರದಲ್ಲೂ ಇಲ್ಲದ, ಹಿಂದಿನ ಸಾಲಿನಲ್ಲಿ ಕೂರುವ ಸಂಸದರಿಗೆ ಫೈಲಿಗೆ ಸಹಿ ಹಾಕುವ ಅಧಿಕಾರ ಇರುವುದಿಲ್ಲ. ಮಸೂದೆಗೆ ಮತ ಹಾಕುವಾಗಲೂ ಪಕ್ಷದ ವಿಪ್, ಅಂದರೆ ಹೀಗೇ ಮತ ಹಾಕಿ ಅನ್ನುವ ಆದೇಶ, ಬಂದರೆ ಅದರಂತೆಯೇ ಹಾಕಬೇಕು, ಇಲ್ಲದಿದ್ದರೆ 1985ರ ಪಕ್ಷಾಂತರ ನಿಷೇಧ ಕಾನೂನಿನಲ್ಲಿ ಸೀಟೇ ಹೋಗಬಹುದು. ಹಾಗಾಗಿ ಅವರು ಯಾವುದಕ್ಕೆ ಮತ ಹಾಕಿದರು ಅಂತ ನೋಡಿ ಅವರ ಕೆಲಸ ಅಳೆಯಲು ಬರುವುದಿಲ್ಲ. ಅವರ ಕೈಯಲ್ಲಿ ನಿಜವಾಗಿ ಇರುವುದು ಪ್ರಶ್ನೆ. ಅದರಲ್ಲೂ ಬರೆದು ಕೇಳುವ ಪ್ರಶ್ನೆ. ಅದಕ್ಕೆ ಯಾವ ಪಕ್ಷದ ಅಪ್ಪಣೆಯೂ ಬೇಕಿಲ್ಲ, ಮತ್ತು ನಿಯಮದ ಪ್ರಕಾರ ಒಪ್ಪಿಕೊಂಡ ಪ್ರಶ್ನೆಗೆ ಸಚಿವಾಲಯ ಉತ್ತರ ಕೊಡಲೇಬೇಕು.

ಈಗ ಹುಡುಕುವ ಕೆಲಸ. ಸಂಸದ್ ಡಾಟ್ ಇನ್ (sansad.in) ಅಂತ ಸಂಸತ್ತಿನದೇ ವೆಬ್‌ಸೈಟ್ ಇದೆ. ಅದರಲ್ಲಿ ಲೋಕಸಭೆಗೆ ಹೋಗಿ, ಪ್ರಶ್ನೆಗಳ ಭಾಗ ತೆರೆದು, ಸದಸ್ಯರ ಹೆಸರು ಹಾಕಿದರೆ ಅವರು ಕೇಳಿದ ಪ್ರಶ್ನೆಗಳೆಲ್ಲ ಸಾಲಾಗಿ ಬರುತ್ತವೆ, ಪ್ರತಿಯೊಂದರ ಪಕ್ಕ ಉತ್ತರದ ಪಿಡಿಎಫ್ ಇರುತ್ತದೆ. ಉತ್ತರ ಇಂಗ್ಲಿಷಿನಲ್ಲಿ, ಹಿಂದಿಯಲ್ಲಿ ಇರುತ್ತದೆ. ಓದಲು ಬಾರದವರು ಫೋನಿನ ಅನುವಾದದ ಆಪ್‌ಗೆ ಹಾಕಿ ನೋಡಬಹುದು, ಅಂಕಿಗಳಂತೂ ಯಾವ ಭಾಷೆಯಲ್ಲೂ ಅಂಕಿಗಳೇ. ಪಿಆರ್‌ಎಸ್ ಅನ್ನುವ ಸಂಸ್ಥೆಯ ವೆಬ್‌ಸೈಟಿನಲ್ಲಿ ಪ್ರತಿ ಎಂಪಿಯ ಹಾಜರಾತಿ, ಪ್ರಶ್ನೆಗಳ ಸಂಖ್ಯೆ, ಎಷ್ಟು ಚರ್ಚೆಯಲ್ಲಿ ಮಾತಾಡಿದರು, ಎಲ್ಲ ಒಂದೇ ಪುಟದಲ್ಲಿ ಸಿಗುತ್ತದೆ.

ಆದರೆ ಆ ಸಂಖ್ಯೆ ನೋಡಿ ಸುಮ್ನೆ ವಾಟ್ಸಾಪಿನಲ್ಲಿ ಹಾಕಿಬಿಡಬೇಡಿ. ನೂರು ಪ್ರಶ್ನೆ ಕೇಳಿದವರು ಒಳ್ಳೆಯವರು, ಐವತ್ತು ಕೇಳಿದವರು ಕೆಟ್ಟವರು ಅಂತಲ್ಲ. ಒಂದೇ ಪ್ರಶ್ನೆಗೆ ಹತ್ತು ಎಂಪಿಗಳ ಹೆಸರು ಸೇರಿರುತ್ತದೆ, ಹತ್ತೂ ಜನರ ಲೆಕ್ಕಕ್ಕೆ ಒಂದೊಂದು ಸೇರುತ್ತದೆ. ಮಂತ್ರಿಗಳು ಪ್ರಶ್ನೆ ಕೇಳುವುದಿಲ್ಲ, ಉತ್ತರ ಕೊಡುವವರೇ ಅವರು. ಅದಕ್ಕೆ ಅವರ ಲೆಕ್ಕ ಸೊನ್ನೆ. ನಾನು ನೋಡುವುದು ಒಂದೇ. ಪ್ರಶ್ನೆಯಲ್ಲಿ ನಮ್ಮ ಜಿಲ್ಲೆಯ ಹೆಸರು ಇದೆಯಾ? "ದೇಶದಲ್ಲಿ ರೈಲ್ವೆ ಅಭಿವೃದ್ಧಿಗೆ ಏನು ಕ್ರಮ" ಅಂತ ಕೇಳಿದರೆ ಎರಡು ಪುಟ ಹೊಗಳಿಕೆ ಬರುತ್ತದೆ. "ಕಲಬುರಗಿ ರೈಲ್ವೆ ವಿಭಾಗ ಯಾವ ಹಂತದಲ್ಲಿದೆ" ಅಂತ ಕೇಳಿದರೆ ಜಾರಿಕೊಳ್ಳುವುದು ಕಷ್ಟ.

ಪ್ರಶ್ನೆಯಲ್ಲಿ ಎರಡು ಬಗೆ. ಚುಕ್ಕೆ ಗುರುತಿನದಕ್ಕೆ ಮಂತ್ರಿ ಎದ್ದು ನಿಂತು ಉತ್ತರಿಸಬೇಕು, ಅದರ ಮೇಲೆ ಉಪಪ್ರಶ್ನೆ ಕೇಳಬಹುದು. ಚುಕ್ಕೆ ಇಲ್ಲದ್ದಕ್ಕೆ ಬರಹದಲ್ಲಿ ಉತ್ತರ. ಲೋಕಸಭೆಯಲ್ಲಿ ದಿನಕ್ಕೆ ಚುಕ್ಕೆ ಗುರುತಿನವು 20, ಬರಹದವು 230. ಚುಕ್ಕೆ ಗುರುತಿನ ಪಟ್ಟಿಯಲ್ಲಿ ಯಾರದು ಮೊದಲು ಅಂತ ಚೀಟಿ ಎತ್ತಿ ತೀರ್ಮಾನಿಸುತ್ತಾರೆ. ಪ್ರಶ್ನೋತ್ತರ ವೇಳೆ ಬೆಳಿಗ್ಗೆ 11ರಿಂದ 12, ಒಂದೇ ಗಂಟೆ. ಅದರಲ್ಲೂ ಗದ್ದಲ ಆಗಿ ಸದನ ಮುಂದಕ್ಕೆ ಹೋದರೆ ಮುಗಿಯಿತು, ಆ ದಿನ ಯಾರೂ ಎದ್ದು ಕೇಳಲು ಆಗುವುದಿಲ್ಲ. ಬರಹದ ಉತ್ತರ ಮಾತ್ರ ಗದ್ದಲವಿದ್ದರೂ ದಾಖಲೆಗೆ ಸೇರುತ್ತದೆ. ಟಿವಿಯಲ್ಲಿ ಕಾಣದಿದ್ದರೂ ನಮಗೆ ಕೈಗೆ ಹತ್ತುವುದು ಇದೇ.

ಇನ್ನು ಪ್ರಶ್ನೆ ಬರೆಯುವುದು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ಶ್ರಮ ಹಾಕಿದರೆ ಉಳಿದದ್ದೆಲ್ಲ ಸಲೀಸು.

ನಮ್ಮ ಪಕ್ಕದ ಹೊಲದ ಕಾಕಾ ಒಂದು ಸಂಜೆ ಬಂದು ಕೂತರು. ತೊಗರಿ ಮಾರಿ ಬಂದಿದ್ದರು. "ತೊಗರಿ ರೇಟು ಬಿದ್ದದ ತಮ್ಮಾ, ಎಂಪಿ ಸಾಹೇಬ್ರಿಗಿ ಒಂದು ಕಾಗದ ಬರಿ, ರೈತ್ರ ಕಷ್ಟ ನೋಡ್ರಿ ಅಂತ." ನಾನು ಹೇಳಿದೆ, ಕಾಕಾ, ಕಷ್ಟ ನೋಡ್ರಿ ಅಂದ್ರೆ ನೋಡ್ತೀವಿ ಅಂತಾರೆ, ಅಲ್ಲಿಗೆ ಮುಗೀತದೆ. ಏನು ಗೊತ್ತಾಗ್ಬೇಕು ಅದು ಹೇಳ್ರಿ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಒಂದೊಂದೇ ಬಂತು. 2025-26ಕ್ಕೆ ಬೆಂಬಲ ಬೆಲೆ ಕ್ವಿಂಟಲಿಗೆ 8,000 ಅಂತಾರೆ, ನಮ್ಮ ಜಿಲ್ಲೆಯಲ್ಲಿ ಆ ರೇಟಿಗೆ ಎಷ್ಟು ಕ್ವಿಂಟಲ್ ತೊಗೊಂಡ್ರು? ತೊಗೊಂಡ ಮೇಲೆ ದುಡ್ಡು ಎಷ್ಟು ದಿನಕ್ಕೆ ಬಿತ್ತು? ಹೊರದೇಶದ ತೊಗರಿ, ಆ ಹಳದಿ ಬಟಾಣಿ ಎಷ್ಟು ಬಂತು? ನಮ್ಮ ರಾಶಿ ಆಗುವ ಹೊತ್ತಿಗೇ ಯಾಕೆ ಬಂತು?

ಮದುವೆ ಕಾರ್ಡಿನ ಹಿಂಬದಿಯಲ್ಲಿ ಬರೆದುಕೊಂಡೆ. ನೋಡಿದರೆ ನಾಲ್ಕೂ ಒಂದೇ ಪ್ರಶ್ನೆಯಲ್ಲಿ ಕೂರುವುದಿಲ್ಲ. ಬೆಂಬಲ ಬೆಲೆ ಖರೀದಿ ಕೃಷಿ ಸಚಿವಾಲಯದ ಬಾಬತ್ತು, ಆಮದು ವಾಣಿಜ್ಯ ಸಚಿವಾಲಯದ್ದು. ಒಂದು ಪ್ರಶ್ನೆ ಒಂದೇ ಸಚಿವಾಲಯಕ್ಕೆ ಹೋಗಬೇಕು. ಅದಕ್ಕೆ ಎರಡು ಮಾಡಿದೆವು. ಮೊದಲನೆಯದು ಹೀಗಾಯಿತು:

(ಅ) 2025-26ರಲ್ಲಿ ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬೆಂಬಲ ಬೆಲೆಗೆ ಖರೀದಿಸಿದ ತೊಗರಿ ಜಿಲ್ಲೆವಾರು ಎಷ್ಟು. (ಆ) ಖರೀದಿ ಕೇಂದ್ರ ತೆರೆದ ದಿನ, ಮುಚ್ಚಿದ ದಿನ ಯಾವುವು. (ಇ) ರೈತರ ಖಾತೆಗೆ ಹಣ ಬೀಳಲು ಸರಾಸರಿ ಎಷ್ಟು ದಿನ ಹಿಡಿದಿದೆ. (ಈ) ಬಾಕಿ ಇದ್ದರೆ ಎಷ್ಟು, ಯಾವಾಗ ಕೊಡಲಾಗುವುದು?

ನೋಡಿ, ಇದರಲ್ಲಿ ಬೈಗುಳ ಇಲ್ಲ, ಅಳಲು ಇಲ್ಲ. ಸಂಖ್ಯೆ, ಊರು, ದಿನ ಅಷ್ಟೇ. ಅಧಿಕಾರಿ ಉತ್ತರ ಬರೆಯಲು ಕೂತಾಗ ಸಂಖ್ಯೆ ಹಾಕಲೇಬೇಕು. ಹಾಕದಿದ್ದರೆ ಹಾಕಿಲ್ಲ ಅನ್ನುವುದು ಎಲ್ಲರಿಗೂ ಕಾಣುತ್ತದೆ.

ಕೆಲವು ಕಟ್ಟುಗಳಿವೆ, ನೆನಪಿಡಿ. ಪ್ರಶ್ನೆ 150 ಪದ ಮೀರಬಾರದು. ಕೇಂದ್ರ ಸರ್ಕಾರದ ವಿಷಯ ಆಗಿರಬೇಕು. ಕೋರ್ಟಿನಲ್ಲಿ ನಡೆಯುತ್ತಿರುವ ವಿಷಯ ಕೇಳುವಂತಿಲ್ಲ. ಅಭಿಪ್ರಾಯ ಕೇಳುವಂತಿಲ್ಲ, ಈಗಾಗಲೇ ಉತ್ತರ ಬಂದಿರುವುದನ್ನು ಮತ್ತೆ ಕೇಳಿದರೆ ತಳ್ಳಿಹಾಕುತ್ತಾರೆ. ಅದಕ್ಕೇ ಬರೆಯುವ ಮುಂಚೆ ಸಂಸದ್ ಡಾಟ್ ಇನ್‌ನಲ್ಲಿ "ತೊಗರಿ" ಬದಲು ಇಂಗ್ಲಿಷ್ ಅಕ್ಷರದಲ್ಲಿ "tur" ಅಥವಾ "arhar" ಅಂತ ಹಾಕಿ ಹುಡುಕಿ ನೋಡಿ.

ನಮ್ಮ ಜನ ತಪ್ಪುವುದು ಕೇಂದ್ರ, ರಾಜ್ಯ ಅನ್ನುವಲ್ಲಿ. ಬಸ್ಸು, ಕರೆಂಟು, ತಾಲೂಕು ಆಸ್ಪತ್ರೆ, ಪೊಲೀಸ್ ಠಾಣೆ, ಇವೆಲ್ಲ ರಾಜ್ಯದವು, ಎಂಎಲ್ಎ ಹತ್ತಿರ ಹೋಗಬೇಕು. ರೈಲು, ರಾಷ್ಟ್ರೀಯ ಹೆದ್ದಾರಿ, ವಿಮಾನ ನಿಲ್ದಾಣ, ಅಂಚೆ, ಬ್ಯಾಂಕು, ಬೆಳೆ ವಿಮೆ, ಪಿಎಫ್, ಇಎಸ್‌ಐ, ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಇವು ಎಂಪಿ ಕೇಳಬಹುದಾದವು. ರೈಲಿನಲ್ಲೂ ಒಂದು ಸೂಕ್ಷ್ಮ ಇದೆ. 2017ರ ಅಕ್ಟೋಬರಿನಲ್ಲಿ ಶುರುವಾದ ಬೀದರ್–ಕಲಬುರಗಿ ಹಾದಿ 110 ಕಿಲೋಮೀಟರ್ ಅಷ್ಟೇ, ಆದರೆ ಕಲಬುರಗಿ ಮಧ್ಯ ರೈಲ್ವೆಯ ಸೊಲ್ಲಾಪುರ ವಿಭಾಗದ್ದು, ಬೀದರ್ ದಕ್ಷಿಣ ಮಧ್ಯ ರೈಲ್ವೆಯ ಸಿಕಂದರಾಬಾದ್ ವಿಭಾಗದ್ದು. ಕಮಲಾಪುರ, ಹುಮನಾಬಾದ್ ಕಡೆಯವರು ಇನ್ನೊಂದು ರೈಲು ಬೇಕು ಅಂತ ಕೇಳುವುದಾದರೆ ಎರಡೂ ವಲಯದ ಹೆಸರು ಪ್ರಶ್ನೆಯಲ್ಲೇ ಬರೆಯಿರಿ. ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸಲು ದಾರಿ ಆಗುತ್ತದೆ.

ಯಾವಾಗ ಕೊಡಬೇಕು? ಅಧಿವೇಶನ ಶುರುವಾದ ಮೇಲೆ ಕೊಟ್ಟರೆ ತಡವಾಯಿತು ಅಂತಲೇ ತಿಳಿಯಿರಿ. ಪ್ರಶ್ನೆಯನ್ನು ಕನಿಷ್ಠ 15 ದಿನ ಮುಂಚೆ ಸಲ್ಲಿಸಬೇಕು. ವಾರದಲ್ಲಿ ಒಂದೊಂದು ಸಚಿವಾಲಯ ಉತ್ತರ ಕೊಡುವ ದಿನ ಬೇರೆ ಬೇರೆ, ಆ ದಿನ ತಪ್ಪಿದರೆ ಮುಂದಿನ ವಾರವೇ. ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ. ಬಜೆಟ್ ಜನವರಿ ಕೊನೆಗೆ, ಮಳೆಗಾಲದ್ದು ಜುಲೈ ಹೊತ್ತಿಗೆ, ಚಳಿಗಾಲದ್ದು ನವೆಂಬರ್–ಡಿಸೆಂಬರಿನಲ್ಲಿ. ಅದರ ಒಂದು ತಿಂಗಳು ಮೊದಲೇ ಎಂಪಿ ಕಚೇರಿಗೆ ಹೋಗಿ. ಹಾರ, ಶಾಲು ಬೇಡ. ಒಂದೇ ಹಾಳೆ, ಮೇಲೆ ಸಚಿವಾಲಯದ ಹೆಸರು, ಕೆಳಗೆ ನಿಮ್ಮ ಹೆಸರು, ಫೋನ್ ನಂಬರ್. ಕನ್ನಡದ ಜೊತೆ ಇಂಗ್ಲಿಷಿನಲ್ಲೂ ಕೊಟ್ಟರೆ ಪಿಎ ಅದನ್ನು ಹಾಗೇ ಆನ್‌ಲೈನಿನಲ್ಲಿ ಹಾಕಬಹುದು. ನಿಜ ಹೇಳಬೇಕೆಂದರೆ ಅರ್ಧ ಕೆಲಸ ಪಿಎ ಕೈಯಲ್ಲೇ ಇರುತ್ತದೆ. ಅವರ ಹತ್ತಿರ ದಿನಕ್ಕೆ ಹತ್ತಾರು ಮನವಿ ಬರುತ್ತವೆ, ವರ್ಗಾವಣೆ, ಸೀಟು, ಸಮುದಾಯ ಭವನ. ಅದರ ನಡುವೆ ತಯಾರಾದ ಪ್ರಶ್ನೆ ಒಂದು ಬಂದರೆ ಅವರಿಗೂ ಹಗುರ.

ಸಮುದಾಯ ಭವನದ ಮಾತು ಬಂತಲ್ಲ, ಒಂದು ಮಾತು ಹೇಳಿಬಿಡುತ್ತೇನೆ. ಎಂಪಿ ನಿಧಿ ವರ್ಷಕ್ಕೆ 5 ಕೋಟಿ, ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಬೇಕು. ಎಂಪಿ ಶಿಫಾರಸು ಮಾಡುತ್ತಾರೆ, ಕೆಲಸ ಮಾಡಿಸುವುದು ಜಿಲ್ಲಾಡಳಿತ. ನಮ್ಮೂರಿಗೊಂದು ಭವನ ಅಂತ ಅದಕ್ಕೇ ಎಲ್ಲರೂ ಮುಗಿಬಿದ್ದರೆ ದಿಲ್ಲಿಯಲ್ಲಿ ಕೇಳಬೇಕಾದ್ದು ಕೇಳದೇ ಉಳಿಯುತ್ತದೆ. ನನಗೆ ಇದು ನೋವು.

ತುರ್ತಾದ ವಿಷಯ ಇದ್ದರೆ, ಉದಾಹರಣೆಗೆ ಭೀಮಾ ನದಿಗೆ ನೆರೆ ಬಂದು ಅಫಜಲಪುರ, ಜೇವರ್ಗಿ ಕಡೆ ಹೊಲ ಮುಳುಗಿದರೆ, 15 ದಿನ ಕಾಯಲು ಆಗುವುದಿಲ್ಲ ಅಲ್ವಾ. ಅದಕ್ಕೆ ಶೂನ್ಯವೇಳೆ ಇದೆ. ಅದೇ ದಿನ ಬೆಳಿಗ್ಗೆ 10ರೊಳಗೆ ಎಂಪಿ ನೋಟಿಸ್ ಕೊಡಬೇಕು, ಸರದಿ ಸಿಕ್ಕರೆ ಎರಡು ಮೂರು ನಿಮಿಷ ಮಾತಾಡಬಹುದು. ಮಂತ್ರಿ ಅಲ್ಲೇ ಉತ್ತರ ಕೊಡಲೇಬೇಕೆಂಬ ಕಟ್ಟು ಇಲ್ಲ. ನಿಯಮ 377 ಅಂತ ಇನ್ನೊಂದಿದೆ, 250 ಪದಗಳ ಬರಹ, ಅದಕ್ಕೆ ಸಚಿವಾಲಯದಿಂದ ಆಮೇಲೆ ಪತ್ರದ ಮೂಲಕ ಉತ್ತರ ಬರುತ್ತದೆ. ಸದನದಲ್ಲಿ ಕನ್ನಡದಲ್ಲೇ ಮಾತಾಡಿ ಅಂತಲೂ ನಿಮ್ಮ ಎಂಪಿಗೆ ಹೇಳಿ. 1967ರಲ್ಲಿ ಶಿವಮೊಗ್ಗದಿಂದ ಗೆದ್ದು ಹೋದ ಜೆ.ಎಚ್. ಪಟೇಲರು ಲೋಕಸಭೆಯಲ್ಲಿ ಕನ್ನಡದಲ್ಲಿ ಮಾತಾಡಿ ದಾರಿ ತೋರಿಸಿದರು. ಈಗ ಅನುವಾದಕರೂ ಇದ್ದಾರೆ.

ಖಾಸಗಿ ಮಸೂದೆ, ಅಂದರೆ ಮಂತ್ರಿಯಲ್ಲದ ಸಂಸದರು ತಾವೇ ತರುವ ಮಸೂದೆ, ಮಂಡಿಸಿದರು ಅಂತ ಪೇಪರಿನಲ್ಲಿ ಬಂದರೆ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸ್ವಾತಂತ್ರ್ಯ ಬಂದಾಗಿನಿಂದ ಅಂಥವು ಕಾನೂನಾಗಿದ್ದು 14 ಮಾತ್ರ, ಕೊನೆಯದು 1970ರಲ್ಲಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371ಜೆ ವಿಧಿ ಬಂದದ್ದು ಸರ್ಕಾರವೇ ತಂದ ಮಸೂದೆಯಾಗಿ, 2012ರ ಡಿಸೆಂಬರಿನಲ್ಲಿ. ಆದರೆ ಅದಕ್ಕೆ ಮೊದಲು ಚಿಂಚೋಳಿಯ ವೈಜನಾಥ ಪಾಟೀಲರಂಥವರು ಎಷ್ಟು ವರ್ಷ ಬೀದಿಯಲ್ಲಿ ಹೋರಾಡಿದರು, ಸದನದ ಒಳಗೆ ಎಷ್ಟು ಸಲ ಕೇಳಬೇಕಾಯಿತು ಅನ್ನುವುದು ನಮ್ಮ ಹಿರಿಯರಿಗೆ ಗೊತ್ತಿದೆ.

ಉತ್ತರ ಬಂತು ಅನ್ನಿ. ಅಲ್ಲಿಗೆ ಬಿಡಬೇಡಿ. ಪ್ರಿಂಟ್ ತೆಗೆದು ಪೆನ್ನು ಹಿಡಿದು ಓದಿ. "ಪರಿಶೀಲನೆಯಲ್ಲಿದೆ", "ಮಾಹಿತಿ ಸಂಗ್ರಹಿಸಲಾಗುತ್ತಿದೆ, ಸದನದಲ್ಲಿ ಮಂಡಿಸಲಾಗುವುದು" ಅಂತ ಇದ್ದರೆ ಕೆಳಗೆ ಗೆರೆ ಎಳೆಯಿರಿ. ಓದುವವರಿಗೆ ಅದು ಜಾರಿಕೆಯ ಮಾತು ಅನಿಸುತ್ತದೆ, ಆದರೆ ಸಂಸತ್ತಿನಲ್ಲಿ ಅಂಥ ಮಾತನ್ನು ಭರವಸೆ ಅಂತ ಲೆಕ್ಕ ಹಿಡಿಯುತ್ತಾರೆ. ಸರ್ಕಾರದ ಭರವಸೆಗಳ ಸಮಿತಿ ಅಂತಲೇ ಒಂದಿದೆ. ಕೊಟ್ಟ ಭರವಸೆಯನ್ನು ಮೂರು ತಿಂಗಳಲ್ಲಿ ಪೂರೈಸಬೇಕು, ಆಗದಿದ್ದರೆ ಸಚಿವಾಲಯ ಸಮಿತಿಯ ಹತ್ತಿರ ಹೋಗಿ ಹೆಚ್ಚು ಕಾಲ ಕೇಳಬೇಕು. ಆದ್ದರಿಂದ ಮುಂದಿನ ಅಧಿವೇಶನಕ್ಕೆ ನಿಮ್ಮ ಪ್ರಶ್ನೆ ಇಷ್ಟೇ: ಇಂಥ ದಿನ, ಇಂಥ ನಂಬರಿನ ಪ್ರಶ್ನೆಗೆ ಕೊಟ್ಟ ಭರವಸೆ ಏನಾಯಿತು? ಹಳೆಯ ಪ್ರಶ್ನೆಯ ನಂಬರ್ ಮತ್ತು ತಾರೀಖು ಇಟ್ಟುಕೊಂಡಿರುವುದು ಬಹಳ ಮುಖ್ಯ, ಅದಕ್ಕೊಂದು ನೋಟ್‌ಬುಕ್ ಮಾಡಿ. ನಮ್ಮಲ್ಲಿ ಅದು ಕಾಕಾನ ಮಗಳ ಹತ್ತಿರ ಇದೆ, ಡಿಗ್ರಿ ಓದುತ್ತಾಳೆ, ಬಲು ಚೆನ್ನಾಗಿ ಬರೆದಿಡುತ್ತಾಳೆ.

ನಿಮ್ಮ ಎಂಪಿ ಕೇಳಲೇ ಇಲ್ಲ ಅಂದರೆ? ಪ್ರಶ್ನೆ ಕೇಳಲು ನಮ್ಮ ಕ್ಷೇತ್ರದವರೇ ಆಗಬೇಕೆಂಬ ನಿಯಮ ಎಲ್ಲೂ ಇಲ್ಲ. ಕರ್ನಾಟಕದಿಂದ ಲೋಕಸಭೆಗೆ 28 ಜನ, ರಾಜ್ಯಸಭೆಗೆ 12 ಜನ ಹೋಗಿದ್ದಾರೆ. ಅದೇ ಹಾಳೆಯನ್ನು ಅವರಲ್ಲಿ ಇನ್ನೊಬ್ಬರಿಗೆ ಕಳಿಸಿ. ಪ್ರತಿಯೊಬ್ಬರ ಇಮೇಲ್, ದಿಲ್ಲಿಯ ವಿಳಾಸ ಸಂಸದ್ ಡಾಟ್ ಇನ್‌ನಲ್ಲೇ ಇದೆ.