ಫೀಡ್‌ನಲ್ಲಿ ಪುಸ್ತಕದ ನಕಲು ಬೇಡ, ರೆಫರೆನ್ಸ್ ಸಾಕು

ಓದುಗರಿಗಾಗಿ ನಾವು ಮಾಡಿದ ಆ್ಯಪ್‌ನಲ್ಲಿ ಫೀಡ್ ಕಟ್ಟುವ ಕೆಲಸ ನನ್ನ ಪಾಲಿಗೆ ಬಂತು. ಯಾರು ಯಾವ ಪುಸ್ತಕ ಓದಿ ಮುಗಿಸಿದರು, ಎಷ್ಟು ಸ್ಟಾರ್ ಕೊಟ್ಟರು ಅನ್ನೋದು ಅವರನ್ನು ಫಾಲೋ ಮಾಡುವವರಿಗೆ ಕಾಣಬೇಕು. ಇದಕ್ಕೆ ಸ್ಟ್ರೀಮ್ ಅನ್ನುವ ಕಂಪನಿಯ ಆಕ್ಟಿವಿಟಿ ಫೀಡ್ಸ್ ಎಪಿಐ (ಫೀಡ್ ಕಟ್ಟಲು ನಮ್ಮ ಕೋಡ್‌ನಿಂದ ಕರೆಯುವ ಸಿದ್ಧ ಸೇವೆ) ಬಳಸಿದೆ, ಅದರ ಎರಡನೇ ಆವೃತ್ತಿ, ವಿ2.

ಅಲ್ಲಿ ಪ್ರತಿ ಆಕ್ಟಿವಿಟಿಗೂ, ಅಂದರೆ ಫೀಡ್‌ನ ಪ್ರತಿ ಸಾಲಿಗೂ, ಆಕ್ಟರ್ (ಯಾರು), ವರ್ಬ್ (ಏನು ಮಾಡಿದರು), ಆಬ್ಜೆಕ್ಟ್ (ಯಾವುದನ್ನು) ಬೇಕೇ ಬೇಕು. ಆಬ್ಜೆಕ್ಟ್ ಜತೆಗೇ ಪುಸ್ತಕದ ಹೆಸರು, ಲೇಖಕರು, ಮುಖಪುಟದ ಲಿಂಕ್ ಎಲ್ಲ ತುಂಬಿಬಿಡೋಣ ಅನ್ನಿಸುತ್ತದೆ, ಅಲ್ವಾ? ಆದರೆ ಮರುಮುದ್ರಣಕ್ಕೆ ಮುಖಪುಟ ಬದಲಾಗುತ್ತದೆ. ಹೆಸರಿನ ಕಾಗುಣಿತ ತಿದ್ದಬೇಕಾಗುತ್ತದೆ. ಆಗ ಹಳೆಯ ಆಕ್ಟಿವಿಟಿಗಳನ್ನೆಲ್ಲ ಹುಡುಕಿ ಹುಡುಕಿ ಸರಿಮಾಡುತ್ತಾ ಕೂರಬೇಕು.

ಅದಕ್ಕೇ ಪುಸ್ತಕಗಳನ್ನು ಒಂದು ಕಲೆಕ್ಷನ್‌ನಲ್ಲಿ, ಅಂದರೆ ವಿವರಗಳನ್ನು ಕೂಡಿಡಲು ಸ್ಟ್ರೀಮ್ ಕೊಡುವ ಪಟ್ಟಿಯಲ್ಲಿ, ಇಟ್ಟೆ. ಆಕ್ಟಿವಿಟಿಯೊಳಗೆ ಹೋಗುವುದು ‘ಎಸ್‌ಒ:ಬುಕ್:1042’ ಅನ್ನುವಂಥ ಪುಟ್ಟ ಸ್ಟ್ರಿಂಗ್ (ಅಕ್ಷರಗಳ ಸಾಲು) ಮಾತ್ರ. ಇದೇ ರೆಫರೆನ್ಸ್. ಎಸ್‌ಒ ಇದ್ದರೆ ಅದು ಕಲೆಕ್ಷನ್‌ನ ಆಬ್ಜೆಕ್ಟ್, ನಡುವಿನದು ಕಲೆಕ್ಷನ್ ಹೆಸರು, ಕೊನೆಯದು ಐಡಿ. ಬಳಕೆದಾರರಾದರೆ ‘ಎಸ್‌ಯು:77’. ಫೀಡ್ ಓದುವಾಗ ಎನ್‌ರಿಚ್ (ವಿವರ ತುಂಬಿಕೊಡು) ಅಂತ ಕೇಳಿದರೆ ಆ ಸ್ಟ್ರಿಂಗ್ ಇದ್ದ ಜಾಗಕ್ಕೆ ಪುಸ್ತಕದ ಪೂರ್ತಿ ವಿವರ ಬಂದು ಕೂರುತ್ತದೆ. ಕೇಳದಿದ್ದರೆ ಸ್ಟ್ರಿಂಗ್ ಹಾಗೇ ಕೈಗೆ ಬರುತ್ತದೆ. ಮುಖಪುಟ ಬದಲಾದರೆ ಕಲೆಕ್ಷನ್‌ನಲ್ಲಿ ಒಂದು ಕಡೆ ಅಪ್‌ಡೇಟ್ ಮಾಡಿದೆ, ಮುಗಿಯಿತು. ಹಳೆಯ ಆಕ್ಟಿವಿಟಿಗಳಲ್ಲೂ ಹೊಸದೇ ಕಾಣುತ್ತದೆ.

ಐಡಿಯನ್ನು ಸ್ಟ್ರೀಮೇ ಹುಟ್ಟಿಸಲಿ ಅಂತ ಬಿಡಲಿಲ್ಲ. ನಮ್ಮ ಡೇಟಾಬೇಸ್‌ನ ಪುಸ್ತಕದ ಐಡಿಯನ್ನೇ ಕೊಟ್ಟೆ. ಇದು ನನಗೆ ತುಂಬಾ ಇಷ್ಟವಾದ ಭಾಗ. ರೆಫರೆನ್ಸ್ ಬೇಕಾದಾಗ ಯಾರನ್ನೂ ಕೇಳಬೇಕಿಲ್ಲ, ಕೋಡ್‌ನಲ್ಲೇ ಜೋಡಿಸಿಕೊಂಡರಾಯಿತು.

ಹಾಗಂತ ಎಲ್ಲವನ್ನೂ ರೆಫರೆನ್ಸ್ ಮಾಡಬಾರದು. ಓದುಗ ಕೊಟ್ಟ ಸ್ಟಾರ್ ಆ ಹೊತ್ತಿನ ಮಾತು. ಅದನ್ನು ಆಕ್ಟಿವಿಟಿಯಲ್ಲೇ ನೇರವಾಗಿ ಬರೆದೆ. ಪುಸ್ತಕದ ರಿಯಾಯಿತಿ ಬೆಲೆಯ ಸುದ್ದಿ ಹಾಕಿದರೆ ಅದೂ ಹಾಗೆಯೇ. ನಾಳೆ ಬೆಲೆ ಏರಿದರೆ ಇವತ್ತಿನ ಸುದ್ದಿ ಸುಳ್ಳಾಗಬಾರದು.

ಜಾಸ್ತಿ ಯೋಚಿಸಿದ್ದು ಅಳಿಸುವುದರ ಬಗ್ಗೆ. ಕಲೆಕ್ಷನ್‌ನಿಂದ ಪುಸ್ತಕ ತೆಗೆದರೆ, ಅದನ್ನು ತೋರಿಸುತ್ತಿದ್ದ ಜಾಗದಲ್ಲಿ ವಿವರದ ಬದಲು ‘ಡೇಟಾ ಇಲ್ಲ’ ಅನ್ನುವ ಎರರ್ ಬರುತ್ತದೆ. ಹಾಗಾಗಿ ಪುಸ್ತಕವನ್ನು ಸುಮ್ನೆ ಅಳಿಸುವುದಿಲ್ಲ. ಎಂಟ್ರಿ ಉಳಿಸಿಕೊಂಡು, ‘ತೆಗೆಯಲಾಗಿದೆ’ ಅನ್ನುವ ಒಂದು ಫ್ಲ್ಯಾಗ್ ಹಾಕುತ್ತೇವೆ. ವೆಬ್‌ನ ಮಾನದಂಡ ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2017ರಲ್ಲಿ ಹೊರತಂದ ಆಕ್ಟಿವಿಟಿ ಸ್ಟ್ರೀಮ್ಸ್ 2.0 ಮಾನದಂಡದಲ್ಲೂ ಇದಕ್ಕೆ ಟೂಂಬ್‌ಸ್ಟೋನ್ (ಸಮಾಧಿಕಲ್ಲು) ಅನ್ನುವ ಟೈಪ್ ಇದೆ. ಅಳಿಸಿದ್ದು ಮೊದಲು ಯಾವ ಬಗೆಯದಾಗಿತ್ತು, ಯಾವಾಗ ಅಳಿಸಿದ್ದು ಅನ್ನುವುದನ್ನು ಅದರಲ್ಲಿ ಬರೆದಿಡಬಹುದು. ನಾನೂ ಆ ಎರಡು ಫೀಲ್ಡ್‌ಗಳನ್ನು ಕಲೆಕ್ಷನ್‌ನಲ್ಲಿ ಸೇರಿಸಿದೆ. ಆ ಪುಸ್ತಕ ಓದಿದವರ ಫೀಡ್‌ನಲ್ಲಿ ಸಾಲು ಉಳಿಯುತ್ತದೆ, ಲಿಂಕ್ ಮಾತ್ರ ಇರುವುದಿಲ್ಲ.