ಕೊಡಗಿನ ಮನೆಯ ಕಂಪ್ಯೂಟರ್: ಯಾವಾಗ ಸ್ಲೀಪ್, ಯಾವಾಗ ಶಟ್‌ಡೌನ್, ಯಾವಾಗ ಪ್ಲಗ್ಗೇ ಕೀಳಬೇಕು

ಕೆಲಸ ಮುಗಿದ ಮೇಲೆ ಕಂಪ್ಯೂಟರನ್ನು ಪೂರ್ತಿ ಆಫ್ ಮಾಡಬೇಕೋ, ಸ್ಲೀಪ್‌ಗೆ ಹಾಕಿ ಎದ್ದು ಹೋದರೆ ಸಾಕೋ? ಬೆಂಗಳೂರಿನ ಅಪಾರ್ಟ್‌ಮೆಂಟ್‌ನವರಿಗೆ ಕೊಡುವ ಉತ್ತರವನ್ನೇ ಭಾಗಮಂಡಲದ ತೋಟದ ಮನೆಯವರಿಗೂ ಕೊಡಲಾಗದು. ಯಂತ್ರ ಒಂದೇ, ಅದಕ್ಕೆ ಬರುವ ಕರೆಂಟ್ ಬೇರೆ. ಕೊಡಗಿನಲ್ಲಿ ಮೊದಲು ನೋಡಬೇಕಾದದ್ದು ಎರಡು: ಕಂಪ್ಯೂಟರಿನ ಹಿಂದೆ ಬ್ಯಾಟರಿ ಇದೆಯೇ, ಹೊರಗೆ ಯಾವ ಕಾಲ ನಡೆಯುತ್ತಿದೆ. ಬಿಲ್ಲು, ಯಂತ್ರದ ಸವಕಳಿ ಎಲ್ಲ ಆಮೇಲಿನ ಮಾತು.

ಒಳಗೆ ನಡೆಯುವುದೇನು

ಸ್ಲೀಪ್‌ಗೆ ಹಾಕಿದಾಗ ಪ್ರೊಸೆಸರ್, ಡಿಸ್ಕ್, ಫ್ಯಾನ್ ನಿಲ್ಲುತ್ತವೆ. ರ‍್ಯಾಮ್‌ಗೆ (ಆ ಹೊತ್ತಿನ ಕೆಲಸ ಹಿಡಿದಿಡುವ ತಾತ್ಕಾಲಿಕ ಮೆಮೊರಿಗೆ) ಮಾತ್ರ ಕರೆಂಟ್ ಹರಿಯುತ್ತಿರುತ್ತದೆ. ತೆರೆದಿಟ್ಟ ಲೆಕ್ಕದ ಶೀಟು, ಅರ್ಧ ಬರೆದ ಪತ್ರ ಎಲ್ಲ ಅಲ್ಲೇ ಇರುವುದರಿಂದ ಕೀ ಒತ್ತಿದ ಎರಡು ಮೂರು ಸೆಕೆಂಡಿನಲ್ಲಿ ಪರದೆ ಮತ್ತೆ ಬರುತ್ತದೆ. ಡೆಸ್ಕ್‌ಟಾಪ್ ಆದರೆ ಈ ಸ್ಥಿತಿಯಲ್ಲಿ ಸಾಮಾನ್ಯವಾಗಿ 1ರಿಂದ 5 ವ್ಯಾಟ್ ಎಳೆಯುತ್ತದೆ. ಆದರೆ ರ‍್ಯಾಮ್‌ಗೆ ಕರೆಂಟ್ ತಪ್ಪಿತೋ, ಉಳಿಸದ ಕೆಲಸವೆಲ್ಲ ಹೋಯಿತು.

ಹೈಬರ್ನೇಟ್‌ನಲ್ಲಿ ರ‍್ಯಾಮ್‌ನಲ್ಲಿದ್ದುದನ್ನು ಡಿಸ್ಕ್‌ಗೆ ಬರೆದಿಟ್ಟು ಯಂತ್ರ ಆಫ್ ಆಗುತ್ತದೆ. ಆಮೇಲೆ ಪ್ಲಗ್ ಕಿತ್ತರೂ, ವಾರಗಟ್ಟಲೆ ಕರೆಂಟ್ ಇಲ್ಲದಿದ್ದರೂ ಕೆಲಸ ಹಾಗೇ ಇರುತ್ತದೆ. ಏಳಲು ಮಾತ್ರ ಸ್ವಲ್ಪ ಹೊತ್ತು ಬೇಕು: ಎಸ್‌ಎಸ್‌ಡಿ (ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್) ಇದ್ದರೆ ಕೆಲವೇ ಸೆಕೆಂಡು, ಹಳೆಯ ಹಾರ್ಡ್ ಡಿಸ್ಕ್ ಆದರೆ ಒಂದು ನಿಮಿಷದವರೆಗೂ. ಕೊಡಗಿನಂಥ ಜಾಗಕ್ಕೆ ಹೇಳಿ ಮಾಡಿಸಿದ ಸೌಲಭ್ಯ ಇದು. ವಿಂಡೋಸ್ ಇದನ್ನು ಮೆನುವಿನಲ್ಲಿ ಮೊದಲಿಗೇ ತೋರಿಸದ ಕಾರಣ ಹೆಚ್ಚಿನ ಮನೆಗಳಲ್ಲಿ ಬಳಕೆಯಲ್ಲೇ ಇಲ್ಲ.

ಶಟ್‌ಡೌನ್ ಬಗ್ಗೆ ಒಂದು ಮಾತು ತಿಳಿದಿರಬೇಕು. 2012ರ ವಿಂಡೋಸ್ 8ರಿಂದ ಈಚೆಗೆ ಶಟ್‌ಡೌನ್ ಒತ್ತಿದರೂ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಫಾಸ್ಟ್ ಸ್ಟಾರ್ಟಪ್ ಎಂಬ ವ್ಯವಸ್ಥೆ ಅದನ್ನು ಡಿಸ್ಕ್‌ಗೆ ಬರೆದಿಟ್ಟು, ಮಾರನೆಯ ದಿನ ಅದನ್ನೇ ಎತ್ತಿಕೊಳ್ಳುತ್ತದೆ. ನಿಜವಾಗಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಕೊಟ್ಟಾಗ. ಟಾಸ್ಕ್ ಮ್ಯಾನೇಜರ್ ತೆರೆದು ಪರ್ಫಾರ್ಮೆನ್ಸ್, ಸಿಪಿಯು ಅಂತ ಹೋದರೆ ಅಪ್‌ಟೈಮ್ ಕಾಣುತ್ತದೆ. ದಿನಾ ಶಟ್‌ಡೌನ್ ಮಾಡುವ ಮನೆಯಲ್ಲೂ ಅದು ಹತ್ತು ಹದಿನೈದು ದಿನ ಎಂದು ತೋರಿಸಿದರೆ ಕಾರಣ ಇದೇ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ. ಪ್ರಿಂಟರ್ ಸಿಗದಿರುವುದು, ನೆಟ್‌ವರ್ಕ್ ತಗಲದಿರುವುದು ಮುಂತಾದ ಸಣ್ಣ ಕಾಟಗಳಲ್ಲಿ ಎಷ್ಟೋ ಅಷ್ಟಕ್ಕೇ ಹೋಗುತ್ತವೆ.

ಆನ್ ಆಫ್ ಮಾಡುತ್ತಾ ಇದ್ದರೆ ಕಂಪ್ಯೂಟರ್ ಹಾಳಾಗುತ್ತದೆ ಎಂಬ ಹೆದರಿಕೆ ಬಿಡಿ. ಮನೆಬಳಕೆಯ ಹಾರ್ಡ್ ಡಿಸ್ಕ್‌ಗಳನ್ನು ಹತ್ತಾರು ಸಾವಿರ ಬಾರಿ ನಿಂತು ಶುರುವಾಗುವ ಲೆಕ್ಕದಲ್ಲೇ ಮಾಡಿರುತ್ತಾರೆ. ಡಿಸ್ಕ್‌ಗೆ ಪೆಟ್ಟು ಬೀಳುವುದು ಬರೆಯುತ್ತಿರುವಾಗಲೇ ಕರೆಂಟ್ ಹೋದಾಗ.

ಬ್ಯಾಟರಿ ಇಲ್ಲದ ಡೆಸ್ಕ್‌ಟಾಪ್

ಯುಪಿಎಸ್ ಇಲ್ಲದೆ ನೇರ ಗೋಡೆಯ ಸಾಕೆಟ್‌ಗೆ ಹಾಕಿದ ಡೆಸ್ಕ್‌ಟಾಪ್ ಅನ್ನು ಬರೀ ಸ್ಲೀಪ್‌ಗೆ ಹಾಕಿ ಬಿಡಬೇಡಿ. ಹೈಬ್ರಿಡ್ ಸ್ಲೀಪ್ ಆನ್ ಇಟ್ಟುಕೊಳ್ಳಿ. ಇದರಲ್ಲಿ ಯಂತ್ರ ಮಲಗುವ ಮೊದಲು ರ‍್ಯಾಮ್‌ನ ಪ್ರತಿಯನ್ನು ಡಿಸ್ಕ್‌ಗೂ ಬರೆಯುತ್ತದೆ. ಕರೆಂಟ್ ಇದ್ದರೆ ರ‍್ಯಾಮ್‌ನಿಂದ ತಟ್ಟನೆ ಏಳುತ್ತದೆ, ಹೋಗಿ ಬಂದಿದ್ದರೆ ಡಿಸ್ಕ್‌ನಿಂದ ನಿಧಾನಕ್ಕೆ ಏಳುತ್ತದೆ. ಎರಡರಲ್ಲೂ ಕೆಲಸ ಉಳಿಯುತ್ತದೆ.

ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ನಿಮ್ಮ ಪ್ಲಾನ್‌ನ ಪಕ್ಕದ ಚೇಂಜ್ ಪ್ಲಾನ್ ಸೆಟ್ಟಿಂಗ್ಸ್, ಅಲ್ಲಿಂದ ಚೇಂಜ್ ಅಡ್ವಾನ್ಸ್ಡ್ ಪವರ್ ಸೆಟ್ಟಿಂಗ್ಸ್ ಒತ್ತಿ. ಪಟ್ಟಿಯಲ್ಲಿ ಸ್ಲೀಪ್ ಬಿಡಿಸಿ, ಅಲೋ ಹೈಬ್ರಿಡ್ ಸ್ಲೀಪ್ ಎಂಬುದನ್ನು ಆನ್ ಮಾಡಿ, ಸ್ಲೀಪ್ ಆಫ್ಟರ್‌ಗೆ 15 ನಿಮಿಷ ಕೊಡಿ. ಅಲೋ ವೇಕ್ ಟೈಮರ್ಸ್ ಕೂಡ ಅಲ್ಲೇ ಇದೆ, ಅದನ್ನು ಡಿಸೇಬಲ್ ಮಾಡಿ. ಇಲ್ಲದಿದ್ದರೆ ಅಪ್‌ಡೇಟ್‌ಗೆಂದು ನಡುರಾತ್ರಿ ತಾನೇ ಎದ್ದು ಕೂರುತ್ತದೆ.

ಹೈಬರ್ನೇಟ್ ಬೇಕಿದ್ದರೆ ಅದೇ ಪವರ್ ಆಪ್ಷನ್ಸ್‌ನ ಎಡಗಡೆ ಚೂಸ್ ವಾಟ್ ದ ಪವರ್ ಬಟನ್ಸ್ ಡು ಒತ್ತಿ, ಮೇಲಿರುವ ಚೇಂಜ್ ಸೆಟ್ಟಿಂಗ್ಸ್ ದಟ್ ಆರ್ ಕರೆಂಟ್ಲಿ ಅನ್‌ಅವೈಲಬಲ್ ಒತ್ತಿ, ಕೆಳಗೆ ಹೈಬರ್ನೇಟ್‌ಗೆ ಗುರುತು ಹಾಕಿ ಸೇವ್ ಚೇಂಜಸ್ ಕೊಡಿ. ಮುಂದೆ ಪವರ್ ಮೆನುವಿನಲ್ಲಿ ಅದು ಕಾಣಿಸುತ್ತದೆ. ಹೈಬರ್ನೇಟ್‌ನಿಂದ ಎಸ್‌ಎಸ್‌ಡಿ ಸವೆಯುವುದೇ ಎಂದು ಕೇಳುವವರಿದ್ದಾರೆ. 8 ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಒಂದು ಸಲಕ್ಕೆ ಮೂರು ನಾಲ್ಕು ಜಿಬಿ ಬರೆಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಸಲ ಮಾಡಿದರೂ ವರ್ಷಕ್ಕೆ ಮೂರು ಟೆರಾಬೈಟ್ ದಾಟುವುದಿಲ್ಲ. ಸಾಧಾರಣ ಎಸ್‌ಎಸ್‌ಡಿಗೂ ಹತ್ತಾರು ಟೆರಾಬೈಟ್ ತಡೆಯುವ ಶಕ್ತಿ ಇರುತ್ತದೆ.

ಇನ್ನೊಂದು ಸೆಟ್ಟಿಂಗ್, ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪುಟವಾದ ಬಯಾಸ್‌ನಲ್ಲಿದೆ: ಕರೆಂಟ್ ಹೋಗಿ ಬಂದಾಗ ಯಂತ್ರ ತಾನಾಗಿ ಆನ್ ಆಗಬೇಕೋ ಬೇಡವೋ ಎಂಬುದು. ರಿಸ್ಟೋರ್ ಆನ್ ಎಸಿ ಪವರ್ ಲಾಸ್ ಅಥವಾ ಅದಕ್ಕೆ ಹತ್ತಿರದ ಹೆಸರಿನಲ್ಲಿ ಇರುತ್ತದೆ. ಅದನ್ನು ಪವರ್ ಆಫ್‌ನಲ್ಲೇ ಇಡಿ. ಮರ ಬಿದ್ದು ಹೋದ ಲೈನ್ ಸರಿಮಾಡುವಾಗ ಕರೆಂಟ್ ಒಂದೇ ಸಲಕ್ಕೆ ಬಂದು ನಿಲ್ಲುವುದಿಲ್ಲ. ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಪ್ರತಿ ಸಲವೂ ಕಂಪ್ಯೂಟರ್ ಆನ್ ಆಗಿ ಅರ್ಧದಲ್ಲಿ ಬಿದ್ದರೆ ವಿಂಡೋಸ್ ಕೆಡುವುದು ಹೀಗೆಯೇ.

ಯುಪಿಎಸ್, ಇನ್ವರ್ಟರ್ ಇದ್ದವರಿಗೆ

600 ವಿಎ ಯುಪಿಎಸ್‌ನಲ್ಲಿ ಸಾಮಾನ್ಯವಾಗಿ 12 ವೋಲ್ಟ್, 7 ಎಎಚ್ ಬ್ಯಾಟರಿ ಇರುತ್ತದೆ. ಡೆಸ್ಕ್‌ಟಾಪ್ ಮತ್ತು ಮಾನಿಟರ್ ನಡೆಯುತ್ತಿದ್ದರೆ 10ರಿಂದ 20 ನಿಮಿಷ. ಎರಡು ಮೂರು ವರ್ಷದ ಹಳೆಯ ಬ್ಯಾಟರಿಯಾದರೆ ಅಷ್ಟೂ ಇಲ್ಲ. ಕರೆಂಟ್ ಹೋದ ಕೂಡಲೇ ಫೈಲ್ ಉಳಿಸಿ ಹೈಬರ್ನೇಟ್ ಕೊಡಲು ಅಷ್ಟು ಹೊತ್ತು ಧಾರಾಳ ಸಾಕು. ಯುಪಿಎಸ್ ಇದೆ ಎಂದು ಸ್ಲೀಪ್‌ನಲ್ಲಿಟ್ಟು ರಾತ್ರಿ ಮಲಗಬಾರದು. ಸ್ಲೀಪ್‌ನ 3 ವ್ಯಾಟ್ ಕಡಿಮೆಯೇ, ಆದರೆ ಯುಪಿಎಸ್ ತನ್ನ ಕೆಲಸಕ್ಕೂ ಬ್ಯಾಟರಿ ತಿನ್ನುತ್ತದೆ. ಹೊರೆ ತೀರಾ ಕಡಿಮೆ ಇದ್ದರೆ ಯಾರೂ ಬಳಸುತ್ತಿಲ್ಲ ಎಂದುಕೊಂಡು ತಾನೇ ಆಫ್ ಆಗುವ ಮಾದರಿಗಳೂ ಇವೆ. ಆಗ ಹೈಬ್ರಿಡ್ ಸ್ಲೀಪ್ ಇಲ್ಲದ ಕಂಪ್ಯೂಟರಿನ ಕೆಲಸವೆಲ್ಲ ಹೋದಂತೆಯೇ. ಜುಲೈ, ಆಗಸ್ಟ್ ಸುಮಾರಿನ ಕಕ್ಕಡದ ಮಳೆಯಲ್ಲಿ ದಿನವಿಡೀ ಕರೆಂಟ್ ಇಲ್ಲದಾಗ ಯುಪಿಎಸ್ಸನ್ನೂ ಅದರ ಗುಂಡಿಯಿಂದ ಆಫ್ ಮಾಡಿಡಿ. ಪೂರ್ತಿ ಇಳಿದ ಲೆಡ್ ಆಸಿಡ್ ಬ್ಯಾಟರಿ ಹಾಗೇ ದಿನಗಟ್ಟಲೆ ಕೂತರೆ ಮತ್ತೆ ಸರಿಯಾಗಿ ಚಾರ್ಜ್ ಹಿಡಿಯುವುದಿಲ್ಲ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಹಾಕಲೇಬೇಡಿ. ಬಿಸಿಯಾಗುವಾಗ ಅದು ಎಳೆಯುವ ಕರೆಂಟ್‌ಗೆ ಸಣ್ಣ ಯುಪಿಎಸ್ ಟ್ರಿಪ್ ಆಗುತ್ತದೆ.

ಮನೆಯ ಇನ್ವರ್ಟರ್ ಮೇಲೆ ಕಂಪ್ಯೂಟರ್ ನಡೆಸುವವರು ಅದರ ಹಿಂದೆ ಅಥವಾ ಮುಂದೆ ಇರುವ ಒಂದು ಸ್ವಿಚ್ ನೋಡಬೇಕು: ಯುಪಿಎಸ್ ಮೋಡ್, ನಾರ್ಮಲ್ ಮೋಡ್. ಯುಪಿಎಸ್ ಮೋಡ್‌ನಲ್ಲಿ ಬ್ಯಾಟರಿಗೆ ಬದಲಾಗುವ ಹೊತ್ತು 10 ಮಿಲಿಸೆಕೆಂಡಿನ ಆಸುಪಾಸು. ಅಷ್ಟನ್ನು ಕಂಪ್ಯೂಟರಿನೊಳಗೆ ಕರೆಂಟ್ ಹಂಚುವ ಒಳ್ಳೆಯ ಎಸ್‌ಎಂಪಿಎಸ್ ತಡೆದುಕೊಳ್ಳುತ್ತದೆ. ನಾರ್ಮಲ್ ಮೋಡ್‌ನಲ್ಲಿ ಇದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದರಿಂದ ಕಂಪ್ಯೂಟರ್ ರೀಸ್ಟಾರ್ಟ್ ಆಗುತ್ತದೆ, ಸ್ಲೀಪ್‌ನಲ್ಲಿದ್ದ ಯಂತ್ರವೂ ಬೀಳಬಹುದು. ಹಾಗೆಂದು ಯುಪಿಎಸ್ ಮೋಡ್‌ಗೆ ಹಾಕಿ ಮರೆತರೆ ಬೇರೊಂದು ತೊಂದರೆ. ಆ ಮೋಡ್‌ನಲ್ಲಿ ವೋಲ್ಟೇಜ್ ಸುಮಾರು 180ಕ್ಕಿಂತ ಇಳಿದರೆ ಸಾಕು, ಇನ್ವರ್ಟರ್ ಬ್ಯಾಟರಿಗೆ ಹಾರುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಬಾರದೆ ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲ ತೋಟಗಳಲ್ಲೂ ಸ್ಪ್ರಿಂಕ್ಲರ್ ಮೋಟರ್ ಓಡುವಾಗ ಲೈನಿನ ಕೊನೆಯ ಮನೆಗಳಲ್ಲಿ ವೋಲ್ಟೇಜ್ ಅಷ್ಟಕ್ಕೆ ಇಳಿಯುವುದುಂಟು. ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುವುದು ಆಗಲೇ. ನಮ್ಮ ಸಲಹೆ: ಇನ್ವರ್ಟರ್ ನಾರ್ಮಲ್ ಮೋಡ್‌ನಲ್ಲೇ ಇರಲಿ, ಕಂಪ್ಯೂಟರಿಗೆ ಮಾತ್ರ ಒಂದು ಸಣ್ಣ ಯುಪಿಎಸ್ ನಡುವೆ ಇರಲಿ. ಇನ್ವರ್ಟರ್ ಸ್ಕ್ವೇರ್ ವೇವ್ (ಗೋಡೆಯ ಕರೆಂಟ್‌ನಂತೆ ನುಣುಪಾಗಿ ಏರಿಳಿಯದ ಕರೆಂಟ್ ಕೊಡುವ ಮಾದರಿ) ಆಗಿದ್ದರೆ ಕೆಲವು ಯುಪಿಎಸ್‌ಗಳು ಅದನ್ನು ಕರೆಂಟ್ ಎಂದೇ ಒಪ್ಪುವುದಿಲ್ಲ. ಕೊಳ್ಳುವ ಮುನ್ನ ನಿಮ್ಮ ಇನ್ವರ್ಟರಿನ ಮೇಲೇ ಹಾಕಿ ನೋಡಿ.

ಗುಡುಗಿನ ತಿಂಗಳು, ಗಾಳಿಯ ತಿಂಗಳು

ಕೊಡಗಿನ ಮಳೆಯೆಲ್ಲ ಒಂದೇ ಥರದ ಅಪಾಯ ತರುವುದಿಲ್ಲ. ಏಪ್ರಿಲ್, ಮೇ ಮತ್ತು ಮತ್ತೆ ಅಕ್ಟೋಬರ್ ಸುಮಾರಿಗೆ ಬರುವುದು ಗುಡುಗು ಸಿಡಿಲಿನ ಮಳೆ, ಹೆಚ್ಚಾಗಿ ಮಧ್ಯಾಹ್ನದ ಮೇಲೆ. ಜೂನ್‌ನಿಂದ ಆಗಸ್ಟ್‌ವರೆಗೆ ಸಿಡಿಲು ಕಡಿಮೆ. ಆಗಿನ ಕಾಟ ಗಾಳಿ, ಲೈನಿನ ಮೇಲೆ ಬೀಳುವ ಮರ, ಮತ್ತು ಥಂಡಿ.

ಸಿಡಿಲಿನ ಮುಂದೆ ಸ್ಲೀಪ್, ಹೈಬರ್ನೇಟ್, ಶಟ್‌ಡೌನ್ ಮೂರೂ ಒಂದೇ. ಯಾವುದೂ ಕಾಪಾಡುವುದಿಲ್ಲ. ಸಾಕೆಟ್‌ನ ಸ್ವಿಚ್ ಆಫ್ ಮಾಡಿದರೂ ಸಾಲದು, ಏಕೆಂದರೆ ಅದು ಫೇಸ್ ತಂತಿಯನ್ನಷ್ಟೇ ಬಿಡಿಸುತ್ತದೆ. ನ್ಯೂಟ್ರಲ್ ಮತ್ತು ಅರ್ಥ್ ಹಾಗೇ ಕೂಡಿಕೊಂಡಿರುತ್ತವೆ, ಉಕ್ಕಿಬಂದ ವೋಲ್ಟೇಜ್ ಆ ದಾರಿಯಲ್ಲೂ ಒಳಗೆ ಬರುತ್ತದೆ. ಆದ್ದರಿಂದ ಪ್ಲಗ್ಗನ್ನೇ ಕೀಳಬೇಕು. ಜೊತೆಗೆ ರೌಟರ್‌ನಿಂದ ಬರುವ ಲ್ಯಾನ್ ಕೇಬಲ್ ಕೀಳುವುದನ್ನು ಮರೆಯಬಾರದು. ಮದರ್‌ಬೋರ್ಡ್‌ನ ಲ್ಯಾನ್ ಪೋರ್ಟ್ ಸುಟ್ಟುಹೋದ ಎಷ್ಟೋ ಯಂತ್ರಗಳಲ್ಲಿ ಪ್ಲಗ್ ಕಿತ್ತಿರುತ್ತಾರೆ, ರೌಟರ್‌ನಿಂದ ಬಂದ ತಂತಿ ಬಿಟ್ಟಿರುತ್ತಾರೆ. ಫೈಬರ್‌ನ ಗಾಜಿನ ಎಳೆ ವಿದ್ಯುತ್ ಒಯ್ಯುವುದಿಲ್ಲ ನಿಜ. ಆದರೆ ರೌಟರ್‌ನ ಅಡಾಪ್ಟರ್ ಗೋಡೆಯ ಕರೆಂಟ್‌ನಲ್ಲೇ ಇರುತ್ತದೆ.

ಸುಲಭ ವ್ಯವಸ್ಥೆ ಹೀಗೆ: ಸಿಪಿಯು, ಮಾನಿಟರ್, ಸ್ಪೀಕರ್, ಪ್ರಿಂಟರ್‌ಗಳ ಎಲ್ಲ ಕರೆಂಟ್ ಒಂದೇ ಗೋಡೆ ಸಾಕೆಟ್ ಮೂಲಕ ಬರುವಂತೆ ಮಾಡಿ. ಯುಪಿಎಸ್ ಇದ್ದರೆ ಅದರ ಪ್ಲಗ್ಗೂ, ಪ್ರಿಂಟರ್‌ನ ಪ್ಲಗ್ಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡ್‌ನಲ್ಲಿರಲಿ. ಆಗ ಕೀಳಬೇಕಾದದ್ದು ಒಂದು ಪ್ಲಗ್, ಒಂದು ಲ್ಯಾನ್ ತಂತಿ. ಸಿಡಿಲು ತಲೆಯ ಮೇಲೆ ಬಂದ ಮೇಲೆ ತಂತಿ ಮುಟ್ಟಲು ಓಡಬೇಡಿ, ಅದು ಜೀವಕ್ಕೆ ಅಪಾಯ. ದೂರದಲ್ಲಿ ಮೊದಲ ಗುಡುಗು ಕೇಳಿದಾಗಲೇ ಹೈಬರ್ನೇಟ್ ಕೊಟ್ಟು ಕಿತ್ತುಬಿಡಿ. ಪುಣೆಯ ಐಐಟಿಎಂ ಸಂಸ್ಥೆಯ ದಾಮಿನಿ ಆ್ಯಪ್ ಸುತ್ತಮುತ್ತಲಿನ ಸಿಡಿಲಿನ ಸೂಚನೆ ಕೊಡುತ್ತದೆ, ಫೋನಿನಲ್ಲಿ ಇರಲಿ. ಮನೆಯಿಂದ ಹೊರಡುವಾಗ ಆಕಾಶ ತಿಳಿಯಾಗಿದ್ದರೂ ಈ ತಿಂಗಳುಗಳಲ್ಲಿ ಕಿತ್ತೇ ಹೋಗಿ. ವಿಂಡೋಸ್ ಅಪ್‌ಡೇಟ್ ಬೆಳಿಗ್ಗೆಯೇ ಮುಗಿಸಿಕೊಳ್ಳಿ.

ಗಾಳಿಯ ತಿಂಗಳಲ್ಲಿ ಹೆದರಬೇಕಾದದ್ದು ನ್ಯೂಟ್ರಲ್ ತುಂಡಾಗುವುದಕ್ಕೆ. ಕೊಂಬೆ ಬಿದ್ದು ಲೈನಿನ ನ್ಯೂಟ್ರಲ್ ಕಡಿದರೆ 230 ವೋಲ್ಟ್ ಬರಬೇಕಾದ ಮನೆಗೆ 400ರ ಹತ್ತಿರ ಬರಬಹುದು. ಬಲ್ಬುಗಳು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಉರಿದರೆ ಮೊದಲು ಮೇನ್ ಸ್ವಿಚ್ ಇಳಿಸಿ. ಮೀಟರ್ ಪಕ್ಕದಲ್ಲಿ ಓವರ್ ವೋಲ್ಟೇಜ್, ಅಂಡರ್ ವೋಲ್ಟೇಜ್ ಕಟ್ ಮಾಡುವ ರಿಲೇಯನ್ನೂ, ಒಳ್ಳೆಯ ಅರ್ಥ್ ಜೊತೆ, ಉಕ್ಕಿಬರುವ ವೋಲ್ಟೇಜ್ ತಡೆಯುವ ಸರ್ಜ್ ಪ್ರೊಟೆಕ್ಟರನ್ನೂ ಎಲೆಕ್ಟ್ರಿಷಿಯನ್ ಕೈಯಲ್ಲಿ ಹಾಕಿಸಿದರೆ ಫ್ರಿಜ್, ಟಿವಿಗೂ ರಕ್ಷಣೆ. ಅರ್ಥ್ ಸರಿಯಿಲ್ಲದ ಮನೆಯಲ್ಲಿ ಸರ್ಜ್ ಪ್ರೊಟೆಕ್ಟರ್‌ನಿಂದ ಪೂರ್ತಿ ಪ್ರಯೋಜನ ಸಿಗದು. ಕರೆಂಟ್ ವಾಪಸ್ ಬಂದ ಮೇಲೆ ಐದು ನಿಮಿಷ ನಿಂತಿದೆಯೇ ನೋಡಿ, ಆಮೇಲೆ ಪ್ಲಗ್ ಹಾಕಿ.

ಥಂಡಿಯ ಲೆಕ್ಕ

ಹಾಗಾದರೆ ಮಳೆಗಾಲವಿಡೀ ಕಿತ್ತೇ ಇಡೋಣ ಎಂದರೆ ಅದೂ ತಪ್ಪು. ನಾಪೋಕ್ಲು, ಗಾಳಿಬೀಡಿನ ಕಡೆಯ ಮನೆಗಳಲ್ಲಿ ಬಟ್ಟೆ ಒಣಗದ, ಚಪ್ಪಲಿಗೆ ಬೂಷ್ಟು ಹಿಡಿಯುವ ಗಾಳಿ ಕಂಪ್ಯೂಟರ್ ಒಳಗೂ ಇರುತ್ತದೆ. ವಾರಗಟ್ಟಲೆ ತಣ್ಣಗೆ ಕೂತ ಯಂತ್ರದಲ್ಲಿ ರ‍್ಯಾಮ್‌ನ ಕಾಲುಗಳಿಗೆ ಪೊರೆ ಕಟ್ಟಿ, ಆನ್ ಮಾಡಿದರೆ ಬೀಪ್ ಶಬ್ದ ಬರುತ್ತದೆ, ಪರದೆ ಕಪ್ಪಗೇ ಇರುತ್ತದೆ. ಸ್ಲೀಪ್‌ನ ಎರಡು ಮೂರು ವ್ಯಾಟ್ ಬಿಸಿ ಇದನ್ನು ತಡೆಯಲು ಸಾಲದು. ಮಳೆಗಾಲದಲ್ಲಿ ಎರಡು ದಿನಕ್ಕೊಮ್ಮೆಯಾದರೂ ಒಂದು ಗಂಟೆ ಯಂತ್ರವನ್ನು ಓಡಿಸಿ. ಎರಚಲು ಬೀಳುವ ಕಿಟಕಿಯ ಬಳಿ, ನೆಲದ ಮೇಲೆ ಸಿಪಿಯು ಇಡಬೇಡಿ. ಪ್ಲಾಸ್ಟಿಕ್ ಹೊದಿಕೆಯನ್ನು ಬಿಗಿಯಾಗಿ ಹೊದಿಸಿದರೆ ತೇವ ಒಳಗೇ ಉಳಿಯುತ್ತದೆ, ತೆಳು ಬಟ್ಟೆ ಸಾಕು.

ಬೀಪ್ ಬಂದೇಬಿಟ್ಟರೆ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಪಕ್ಕದ ತಗಡು ತೆಗೆದು, ಮೊದಲು ಕ್ಯಾಬಿನೆಟ್‌ನ ಬರಿ ಲೋಹ ಮುಟ್ಟಿ. ಎರಡೂ ಕ್ಲಿಪ್ ಬಿಡಿಸಿ ರ‍್ಯಾಮ್ ಎತ್ತಿ, ಅದರ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ಬಿಳಿ ರಬ್ಬರಿನಿಂದ ಹಗುರವಾಗಿ ಉಜ್ಜಿ. ಪುಡಿ ಒರೆಸಿ, ಟಕ್ ಎನ್ನುವವರೆಗೆ ಒತ್ತಿ ಕೂರಿಸಿ. ಆಗಲೂ ಬರದಿದ್ದರೆ ಬೇರೆ ಸ್ಲಾಟ್‌ನಲ್ಲಿ ಹಾಕಿ ನೋಡಿ.

ಬಿಲ್ಲು

ಸುಮ್ಮನೆ ಆನ್ ಇಟ್ಟ ಡೆಸ್ಕ್‌ಟಾಪ್, ಮಾನಿಟರ್ ಸೇರಿ 70 ವ್ಯಾಟ್ ಎಂದು ಹಿಡಿದರೆ, ಬಳಸದ 14 ಗಂಟೆಗೆ ಹತ್ತಿರ ಹತ್ತಿರ ಒಂದು ಯೂನಿಟ್, ತಿಂಗಳಿಗೆ 30. ಸ್ಲೀಪ್‌ನಲ್ಲಿ 3 ವ್ಯಾಟ್ ಆದರೆ ತಿಂಗಳಿಗೆ ಒಂದೂಕಾಲು ಯೂನಿಟ್. ಸ್ಲೀಪ್‌ಗೂ ಶಟ್‌ಡೌನ್‌ಗೂ ಹಣದ ವ್ಯತ್ಯಾಸ ಗಣನೆಗೇ ಬರುವುದಿಲ್ಲ. ಆನ್ ಇಟ್ಟು ಹೋಗುವುದೇ ದುಬಾರಿ. ಗೃಹಜ್ಯೋತಿಯ 200 ಯೂನಿಟ್‌ನ ಅಂಚಿನಲ್ಲಿರುವ ಮನೆಗೆ ಆ 30 ಯೂನಿಟ್ ಪೂರ್ತಿ ಬಿಲ್ ತರಿಸಬಹುದು.

ಲ್ಯಾಪ್‌ಟಾಪ್, ಮತ್ತು ತಾನಾಗಿ ಏಳುವ ಯಂತ್ರ

ಲ್ಯಾಪ್‌ಟಾಪ್‌ಗೆ ಬ್ಯಾಟರಿ ಒಳಗೇ ಇರುವುದರಿಂದ ಹಗಲು ಸ್ಲೀಪ್ ನಿರಾತಂಕ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಹಲವು ಸ್ಲೀಪ್‌ನಲ್ಲೂ ವೈಫೈ ಹಿಡಿದುಕೊಂಡು ಅರೆಎಚ್ಚರದಲ್ಲಿರುತ್ತವೆ. ಹಾಗೇ ಬ್ಯಾಗಿಗೆ ತುಂಬಿ ಮಡಿಕೇರಿಯಿಂದ ಮೈಸೂರು ಬಸ್ ಹತ್ತಿದರೆ ಇಳಿಯುವಾಗ ಯಂತ್ರ ಬಿಸಿ, ಬ್ಯಾಟರಿ ಅರ್ಧ. ಪ್ರಯಾಣಕ್ಕೆ ಹೈಬರ್ನೇಟ್ ಕೊಡಿ.

ಸ್ಲೀಪ್‌ಗೆ ಹಾಕಿದ ಡೆಸ್ಕ್‌ಟಾಪ್ ಮೇಜು ಅಲುಗಿದರೂ ಏಳುತ್ತಿದ್ದರೆ ಕಾರಣ ಮೌಸ್. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಮೇಲೆ ಎರಡು ಸಲ ಒತ್ತಿ, ಪವರ್ ಮ್ಯಾನೇಜ್‌ಮೆಂಟ್‌ನಲ್ಲಿ ಅಲೋ ದಿಸ್ ಡಿವೈಸ್ ಟು ವೇಕ್ ದ ಕಂಪ್ಯೂಟರ್ ಎಂಬ ಗುರುತು ತೆಗೆಯಿರಿ. ನೆಟ್‌ವರ್ಕ್ ಅಡಾಪ್ಟರ್‌ಗೂ ಹಾಗೇ ಮಾಡಿ, ಕೀಬೋರ್ಡ್‌ಗೆ ಮಾತ್ರ ಬಿಡಿ.

ಪ್ಲಗ್ ಕೀಳುವ ಮನೆಗಳಲ್ಲಿ ಮದರ್‌ಬೋರ್ಡ್‌ನ ನಾಣ್ಯದಂಥ ಸೆಲ್ ಬೇಗ ಮುಗಿಯುತ್ತದೆ, ಏಕೆಂದರೆ ಪ್ಲಗ್ ಇಲ್ಲದಾಗ ಗಡಿಯಾರ ನಡೆಯುವುದು ಅದರಿಂದ ಮಾತ್ರ. ತಾರೀಕು ಹಳೆಯ ವರ್ಷಕ್ಕೆ ಹೋಗಿ, ಬ್ಯಾಂಕಿನ ವೆಬ್‌ಸೈಟ್‌ಗಳು ಸುರಕ್ಷಿತವಲ್ಲ ಎಂದು ತೆರೆಯದಿದ್ದರೆ ಇಂಟರ್ನೆಟ್ ಕೆಟ್ಟಿದೆ ಎಂದುಕೊಳ್ಳಬೇಡಿ. ಸಿಆರ್ 2032 ಎಂಬ 3 ವೋಲ್ಟ್ ಸೆಲ್ ತಂದು, ಅಕ್ಷರವಿರುವ ಬದಿ ಮೇಲಾಗಿ ಕೂರಿಸಿ. ಆಮೇಲೆ ಬಯಾಸ್‌ಗೆ ಹೋಗಿ ತಾರೀಕಿನ ಜೊತೆಗೆ, ಕರೆಂಟ್ ಬಂದಾಗ ಆಫ್ ಆಗಿಯೇ ಇರಬೇಕೆಂಬ ಸೆಟ್ಟಿಂಗನ್ನೂ ಮತ್ತೆ ಹಾಕಿ. ಸೆಲ್ ಬದಲಿಸಿದಾಗ ಅದೂ ಅಳಿಸಿಹೋಗಿರುತ್ತದೆ.